ಕ್ಲಾರೀ ಖಾತೆಯ ಓಟು

ಮಿರ್ರಗೂಲು ಎಂಬ ಪುಟ್ಟ ಊರಿನಲ್ಲಿ ಯಾರು ಯಾರಿಗೆ ಓಟು ಹಾಕುತ್ತಾರೆ ಎಂಬುದು ಗುಟ್ಟೇನಲ್ಲ. ಈ ವರ್ಷ ಮೊದಲ ಓಟು ಹಾಕಲಿದ್ದ ಬ್ರಿಯೊನಿಯ ತಾತನ ಕಾಲದಿಂದಲೂ ಆ ಕ್ಷೇತ್ರ ಗ್ರಾಮೀಣ ಪಕ್ಷದ ಹಿಡಿತ ಬಿಟ್ಟು ಹೋಗಿರಲಿಲ್ಲ. ಮೊದಲು ಶಾಸನಸಭೆಗೆ ಗೆದ್ದದ್ದು ಕುರಿ ಸಾಕುವ ದೊಡ್ಡ ಮನೆಯ ಯಜಮಾನ, ಆಮೇಲೆ ಅವನ ಮಗ, ಈಗ ಆ ಮಗನ ಅಳಿಯ. ಪಬ್ಬಿನ ಗೋಡೆಯ ಮೇಲೆ ಊರಿನ ಓಟಿನ ಲೆಕ್ಕ ಬರೆಯುವ ಒಂದು ಕಪ್ಪುಹಲಗೆಯಿತ್ತು. ಅದರಲ್ಲಿ ಎರಡೇ ಉದ್ದ ಸಾಲು. ಒಂದರ ತಲೆಯ ಮೇಲೆ 'ನಾವು', ಇನ್ನೊಂದರ ತಲೆಯ ಮೇಲೆ 'ಕ್ಲಾರೀ'. ಪ್ರತಿ ಚುನಾವಣೆಯಲ್ಲೂ 'ನಾವು' ಸಾಲಿನ ಸಂಖ್ಯೆ ಬದಲಾಗುತ್ತಿತ್ತು. ಕ್ಲಾರೀ ಸಾಲಿನಲ್ಲಿ ಯಾವಾಗಲೂ ಒಂದು.

ಕ್ಲಾರೀ ಡೆವಿಟ್ ರೈಲು ಹಳಿ ರಿಪೇರಿ ಮಾಡುತ್ತಿದ್ದವನು, ಯೂನಿಯನ್ನಿನ ಮನುಷ್ಯ. ಕಾರ್ಮಿಕ ಪಕ್ಷಕ್ಕೆ ಬೀಳುವ ಆ ಒಂಟಿ ಓಟು ಅವನದಲ್ಲದೆ ಇನ್ಯಾರದಿರಲು ಸಾಧ್ಯ?

"ಕ್ಲಾರೀ, ನಿಮ್ ಪಕ್ಷದ ಮಹಾಸಭೆ ಎಲ್ಲಪ್ಪಾ ಈ ಸಲ? ನಿನ್ನ ಕಕ್ಕಸಲ್ಲಾ?" ಎಂದು ಯಾರಾದರೂ ಕೆಣಕಿದರೆ, "ಹೂಂ ಕಣೋ. ಬಾಗಿಲು ತಟ್ಟಿ ಬಾ, ಸದಸ್ಯರು ಡಬಲ್ ಆಗ್ತಾರೆ" ಎನ್ನುತ್ತಿದ್ದ.

ಕೊನೆಯ ಎರಡು ವರ್ಷ ಅವನಿಗೆ ಊಟ ಒಯ್ದು ಕೊಡುತ್ತಿದ್ದವಳು ಬ್ರಿಯೊನಿ. ಚಳಿಗಾಲದಲ್ಲಿ ಅವನು ತೀರಿಕೊಂಡ. ಚುನಾವಣೆ ಬಂತು.

"ಈ ಸಲ ಕ್ಲಾರೀ ಸಾಲಿಗೆ ಸೊನ್ನೆ. ಊರಿಗೆ ಊರೇ ನಮ್ಮದು" ಎಂದು ಲಿಂಡ್ಸೆ ಹ್ಯಾರಪ್ ವಾರದಿಂದ ಹೇಳಿಕೊಂಡು ತಿರುಗುತ್ತಿದ್ದ. ಅವನು ಪಕ್ಷದ ಊರ ಅಧ್ಯಕ್ಷ, ಗೋಧಿ ಬೆಳೆಯುವವ. ಬ್ರಿಯೊನಿ ಮತ್ತು ಅವಳ ಅಮ್ಮ ಇದ್ದದ್ದು ಅವನ ಜಮೀನಿನಲ್ಲೇ, ಉಣ್ಣೆ ಕತ್ತರಿಸುವವರಿಗೆಂದು ಹಿಂದೆ ಕಟ್ಟಿಸಿದ್ದ ತಗಡಿನ ಮನೆಯಲ್ಲಿ. ಇಬ್ಬರೂ ಅವನ ಕೆಲಸದವರಿಗೆ ಅಡುಗೆ ಮಾಡಿ ಹಾಕುತ್ತಿದ್ದರು.

ಶನಿವಾರ ಬೆಳಿಗ್ಗೆ ಓಟು ಹಾಕುವ ಊರ ಸಭಾಂಗಣದ ಗೇಟಿನ ಬಳಿ ಬ್ರಿಯೊನಿ ಕಬ್ಬಿಣದ ಹಂಚಿನ ಮೇಲೆ ಈರುಳ್ಳಿ ಹುರಿಯುತ್ತ ನಿಂತಿದ್ದಳು. ಪಕ್ಕದಲ್ಲಿ ಲಿಂಡ್ಸೆಯ ಹೆಂಡತಿ ಏವಿಸ್, ಓಟು ಹಾಕಿ ಬಂದವರಿಗೆ ಬ್ರೆಡ್ಡಿನಲ್ಲಿ ಸಾಸೇಜು ಇಟ್ಟು ಮಡಚಿ ಕೊಡುತ್ತಿದ್ದಳು. ಯಾರ ಹೆಸರಿನ ಮುಂದೆ ಯಾವ ಅಂಕಿ ಬರೆಯಬೇಕೆಂದು ಹೇಳುವ ಪಕ್ಷದ ಚೀಟಿ ಹಂಚುತ್ತ ಲಿಂಡ್ಸೆ ಹತ್ತಿರ ಬಂದ.

"ಏನಮ್ಮಾ, ಮೊದಲನೇ ಓಟು ಅಲ್ವಾ ನಿಂದು? ಹೆಂಗೆ ಬರೀಬೇಕು ಅಂತ ಗೊತ್ತಾ?"

"ಗೊತ್ತು."

"ಊರಲ್ಲಿ ಇನ್ನೆಲ್ಲರದೂ ನನಗೆ ಗೊತ್ತಿದೆ ಕಣೇ. ಈ ಸಲ ಕ್ಲಾರೀ ಸಾಲಲ್ಲಿ ಒಂದು ಬಿದ್ದರೆ, ಅದು ಯಾರದು ಅಂತ ಹುಡುಕೋಕೆ ನಾನು ಪೊಲೀಸ್ ನಾಯಿ ತರಿಸಬೇಕಾಗಿಲ್ಲ." ಅವನು ನಕ್ಕ. "ನನ್ನ ಸೂರಿನ ಕೆಳಗೆ ಕ್ಲಾರೀ ದೆವ್ವ ಇರೋದು ನನಗೆ ಬೇಡ. ನಿಮ್ಮಮ್ಮಂಗೂ ಹೇಳಿದೀನಿ."

ಬ್ರಿಯೊನಿ ತಲೆ ಬಗ್ಗಿಸಿ ಈರುಳ್ಳಿ ಮಗುಚಿದಳು. ಏವಿಸ್ ಕೂಡ ತಲೆ ಎತ್ತಲಿಲ್ಲ.

ಅಮ್ಮ ಆಗಲೇ ಓಟು ಹಾಕಿ ಹೋಗಿದ್ದಳು. ಹೋಗುವಾಗ ಮಗಳ ತೋಳನ್ನು ಒಮ್ಮೆ ಗಟ್ಟಿಯಾಗಿ ಹಿಡಿದು ಬಿಟ್ಟಿದ್ದಳು, ಅಷ್ಟೇ.

ಜನ ಕಡಿಮೆಯಾದ ಮೇಲೆ ಬ್ರಿಯೊನಿ ಕೈ ಒರೆಸಿಕೊಂಡು ಒಳಗೆ ಹೋದಳು. ರಟ್ಟಿನ ಮರೆಯಲ್ಲಿ ದಾರ ಕಟ್ಟಿದ ಪೆನ್ಸಿಲು ಕೈಗೆತ್ತಿಕೊಂಡಳು. ತಗಡಿನ ಮನೆ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಶಾಲೆಯ ಬಸ್ಸೂ ನೆನಪಾಯಿತು. ಅವಳು ಒಂಬತ್ತನೇ ತರಗತಿಯಲ್ಲಿದ್ದಾಗ, ಮಕ್ಕಳು ಸಾಲದು ಎಂದು ಶಾಲೆಯ ಬಸ್ಸನ್ನು ಮಿರ್ರಗೂಲಿಗೆ ಬರದಂತೆ ನಿಲ್ಲಿಸಿದರು. ಅಮ್ಮ ಕ್ಷೇತ್ರದ ಸದಸ್ಯನನ್ನೇ ಹಿಡಿದು ಕೇಳಿದಳು. ಆತ ನಗುತ್ತ, "ಹುಡುಗಿ ಅಡುಗೆ ಕಲೀಲಿ ಬಿಡಮ್ಮ. ಉಣ್ಣೆ ಕತ್ತರಿಸೋರಿಗೆ ಊಟ ಹಾಕೋಕೂ ಜನ ಬೇಕಲ್ಲ" ಎಂದಿದ್ದ. ಸುತ್ತ ನಿಂತವರೂ ನಕ್ಕಿದ್ದರು. ಬ್ರಿಯೊನಿ ಅಂದು ಅಮ್ಮನ ಬೆನ್ನ ಹಿಂದೆ ನಿಂತು ಆ ನಗುವ ಮುಖಗಳನ್ನು ಒಂದೊಂದಾಗಿ ನೋಡಿದ್ದಳು.

ಅವಳು ಕಾರ್ಮಿಕ ಪಕ್ಷದ ಹೆಸರಿನ ಮುಂದೆ ಒಂದು ಎಂದು ಬರೆದು, ಮಡಚಿ, ಪೆಟ್ಟಿಗೆಗೆ ಹಾಕಿ ಬಂದಳು.

ಸಂಜೆ ಬಾಗಿಲು ಹಾಕಿಕೊಂಡು ಅಧಿಕಾರಿಗಳು ಊರಿನ ಓಟುಗಳನ್ನು ಅಲ್ಲೇ ಎಣಿಸಿದರು. ಪಕ್ಷದ ಪರವಾಗಿ ಒಳಗೆ ಕೂತು ನೋಡುತ್ತಿದ್ದವನು ಪಬ್ಬಿನ ಡೂಲನ್. ಉಳಿದವರು ಸಭಾಂಗಣದ ಜಗಲಿಯಲ್ಲಿ ಟೀ ಕುಡಿಯುತ್ತ ಕಾದರು. ಡೂಲನ್ ಹೊರಬಂದಾಗ ಲಿಂಡ್ಸೆ ಎದ್ದು ನಿಂತ.

"ಹೇಳಪ್ಪಾ. ಸೊನ್ನೆ ತಾನೆ?"

ಡೂಲನ್ ತಲೆ ಕೆರೆದುಕೊಂಡ. "ಎರಡು."

"ಏನೆರಡು?"

"ಅವರಿಗೆ ಎರಡು, ಲಿಂಡ್ಸೆ. ಎರಡು ಸಲ ಎಣಿಸಿದ್ರು."

ಎಲ್ಲರ ಕಣ್ಣೂ ಬ್ರಿಯೊನಿಯ ಕಡೆ ತಿರುಗಿದವು. ಅವಳಿಗೆ ಕಿವಿಯವರೆಗೂ ಬಿಸಿಯೇರಿತು. ಅಷ್ಟು ಜನರ ಮುಂದೆ ಅವಳು ಎಂದೂ ಬಾಯಿ ತೆರೆದವಳಲ್ಲ.

"ಒಂದು ನಂದು" ಎಂದಳು. ದನಿ ಸಣ್ಣಗಿತ್ತು. ಆದರೂ ಗೇಟಿನವರೆಗೆ ಕೇಳಿಸಿತು. "ಮನೆ ಬಿಡಿ ಅಂದ್ರೆ ಬಿಡ್ತೀವಿ ಲಿಂಡ್ಸೆ. ಓಟು ವಾಪಸ್ ತಗೊಳ್ಳಲ್ಲ."

"ನಿಮ್ಮಮ್ಮಂದು ಇನ್ನೊಂದು!" ಎಂದು ಲಿಂಡ್ಸೆ ಕೂಗಿದ. "ಅನ್ನ ಹಾಕಿದ ಮನೆಗೇ…"

"ಅವಳಮ್ಮಂದಲ್ಲ. ನಂದು" ಎಂದಳು ಏವಿಸ್. ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸುತ್ತಲೇ ಇದ್ದಳು. "ಮದುವೆ ಆದಾಗಿಂದಲೂ ನಂದೇ."

ಲಿಂಡ್ಸೆ ಹೆಂಡತಿಯ ಕಡೆ ತಿರುಗಿದ. "ಪ್ರತಿ ಸಲ ಒಂದೇ ಕಾರಲ್ಲಿ ಬಂದು ಓಟು ಹಾಕಿದೀವಲ್ಲೇ!"

"ಕಾರು ಒಂದೇ. ಅದಕ್ಕೆ ನಾನೇನು ಮಾಡ್ಲಿ?"

ಯಾರೋ ಕಿಸಕ್ಕನೆ ನಕ್ಕು ಕೆಮ್ಮಿದಂತೆ ಮಾಡಿದರು.

"ಮತ್ತೆ ಕ್ಲಾರೀ?" ಎಂದು ಬ್ರಿಯೊನಿ ಕೇಳಿದಳು.

"ನನ್ನ ಮದುವೆ ವರ್ಷ ಈ ಊರಿನ ರೈಲು ಮಾರ್ಗ ಮುಚ್ಚಿದ್ದು ಅವನ ಪಕ್ಷದ ಸರಕಾರವೇ ಕಣೇ. ಅವತ್ತಿಂದ ಅವನು ಖಾಲಿ ಕಾಗದ ಮಡಚಿ ಹಾಕ್ತಿದ್ದ. ಸಲ ಸಲವೂ ಒಂದು ಕಾಗದ ರದ್ದಾಗ್ತಿತ್ತಲ್ಲ, ಪಾಪ ಕಣ್ಣು ಕಾಣದ ಪೆಲ್ ಅಜ್ಜಿದು ಅಂತ ಆಡ್ಕೊಳ್ತಿದ್ರಿ, ಅದು ಅವನದು." ಏವಿಸ್ ತಟ್ಟೆ ಕೆಳಗಿಟ್ಟಳು. "ನಾನು ಮೊದಲನೇ ಸಲ ಹಾಕಿ ಎಣಿಕೆ ಆದ ದಿನ ಅವನು ನನ್ನ ಮುಖ ನೋಡೇ ಹಿಡಿದುಬಿಟ್ಟ. 'ಬೈಗುಳ ನಾನು ತಿಂತೀನಿ ಏವಿಸ್, ನನಗೆ ಅಭ್ಯಾಸ ಇದೆ. ನೀನು ಹಾಕ್ತಾ ಇರು' ಅಂದ. ನಾನು ಹೆದರುಪುಕ್ಕಲಿ, ಅವನ ಹಿಂದೆ ಅವಿತುಕೊಂಡು ಹಾಕ್ತಾ ಬಂದೆ. ಇವತ್ತು ಈ ಹುಡುಗಿ ಹಿಂದೆಯೂ ಅವಿತುಕೊಂಡ್ರೆ ನನಗೆ ನಾಚಿಕೆಗೇಡು."

"ಏವಿಸ್, ಮನೇಲಿ ಮಾತಾಡೋಣ. ನಡಿ."

"ಮಾತಾಡೋಣ. ಅದಕ್ಕೆ ಮುಂಚೆ ಇಲ್ಲೇ, ಎಲ್ಲರ ಮುಂದೆ ಹೇಳು. ಓಟಿಗೋಸ್ಕರ ಅವರನ್ನು ಮನೆ ಬಿಡಿಸ್ತೀಯಾ? ಹಂಗಿದ್ರೆ ನನ್ನ ಬಟ್ಟೆಬರೆನೂ ಕಟ್ತೀನಿ. ಇಬ್ಬರದೂ ಒಂದೇ ತಪ್ಪು."

ಲಿಂಡ್ಸೆ ಸುತ್ತ ನೋಡಿದ. ಅವನ ಪಕ್ಷದವರೆಲ್ಲ ತಮ್ಮ ತಮ್ಮ ಟೀ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡುತ್ತಿದ್ದರು.

"ಯಾರೂ ಯಾರನ್ನೂ ಬಿಡಿಸಲ್ಲ" ಎಂದು ಗೊಣಗಿ ಅವನು ಮೆಟ್ಟಿಲಿಳಿದು ಹೋದ.

ಕ್ಷೇತ್ರವನ್ನು ಹಳೆಯ ಸದಸ್ಯನೇ ಗೆದ್ದಿದ್ದಾನೆ ಎಂದು ಯಾರದೋ ರೇಡಿಯೊ ಹೇಳಿತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಹೊರಗೆ ಲಿಂಡ್ಸೆಯ ಕಾರು ಹಾರ್ನ್ ಹೊಡೆಯಿತು, ಒಮ್ಮೆ, ಮತ್ತೊಮ್ಮೆ, ಆಮೇಲೆ ಉದ್ದಕ್ಕೆ.

ಬ್ರಿಯೊನಿ ಏವಿಸಳ ಮುಖ ನೋಡಿದಳು.

"ಹೊಡ್ಕೊಳ್ಳಲಿ ಬಿಡು" ಎಂದು ಏವಿಸ್ ಕುರ್ಚಿ ಎಳೆದುಕೊಂಡು ಕೂತಳು. "ನನಗೊಂದು ಲೋಟ ಟೀ ಹಾಕೇ. ಸ್ಟ್ರಾಂಗಾಗಿರಲಿ."