ಅತ್ತೆಯ ಮೂಳೆ ಬೇಯುವವರೆಗೆ

ನೆತ್ತಿಯ ಪಕ್ಕ ಎದ್ದಿದ್ದ ಗಂಟನ್ನು ಅತ್ತೆ ಬಹಳ ದಿನ ಕೂದಲಿನಡಿ ಬಚ್ಚಿಟ್ಟಿದ್ದರು. ತಲೆ ಬಾಚುತ್ತಿದ್ದ ಸೊಸೆಯ ಕೈಗೆ ಅದು ಸಿಕ್ಕಾಗಲೂ, “ಬೀರು ಬಾಗಿಲು ಬಡಿದದ್ದು ಕಣೇ” ಎಂದು ತೇಲಿಸಿಬಿಟ್ಟರು. ಸೊಸೆ ನಂಬಲಿಲ್ಲ. ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗ ಹೇಳುವುದೇ ಅವಳ ಕೆಲಸ. ಆ ವಯಸ್ಸಿನವರ ತಲೆಬುರುಡೆಯಲ್ಲಿ ಗಂಟು ಎಂದರೆ, ಬೇರೆಲ್ಲಿಂದಲೋ ಹರಡಿ ಬಂದ ಕ್ಯಾನ್ಸರ್ ಇರಬಹುದೇ ಎಂಬ ಭಯವೇ ಅವಳಿಗೆ ಮೊದಲು ಬಂದದ್ದು.

ಸ್ಕ್ಯಾನಿನಲ್ಲಿ ಮೂಳೆಯೊಳಗೆ ದುಂಡನೆಯ ಕುಳಿ. ಅದರ ನಡುವಿನಿಂದ ಸೈಕಲ್ ಚಕ್ರದ ಕಡ್ಡಿಗಳಂತೆ ಹರಡಿದ ಮೂಳೆಯ ಎಳೆಗಳು. “ರಕ್ತನಾಳಗಳ ಗಂಟಿರಬಹುದು, ಅಪಾಯವಿಲ್ಲದ್ದು” ಎಂದರು ಸ್ಕ್ಯಾನ್ ನೋಡಿದ ವೈದ್ಯರು. ಆ ‘ಇರಬಹುದು’ ಅವಳ ನಿದ್ದೆ ಕೆಡಿಸಿತು. ಸರ್ಜನ್ ಗಂಟನ್ನು ಸುತ್ತಲಿನ ಮೂಳೆಸಮೇತ ತೆಗೆದು ಅವಳ ಲ್ಯಾಬಿಗೇ ಕಳಿಸಿದರು.

ಸೂಕ್ಷ್ಮದರ್ಶಕಕ್ಕೆ ಬೇಕಾದಷ್ಟು ತೆಳ್ಳಗೆ ಮೂಳೆಯನ್ನು ಹಾಗೇ ಕೊಯ್ಯಲಾಗದು. ಆಮ್ಲದಲ್ಲಿ ನೆನೆಹಾಕಿ, ಸುಣ್ಣದಂಶ ಕರಗಿ ಮೆತ್ತಗಾಗುವವರೆಗೆ ಕಾಯಬೇಕು. ತಲೆಗೆ ಪಟ್ಟಿ ಸುತ್ತಿಸಿಕೊಂಡು ಮನೆಯಲ್ಲಿ ಕೂತಿದ್ದ ಅತ್ತೆಗೆ ಇದನ್ನು ವಿವರಿಸಿದ್ದೇ ತಪ್ಪಾಯಿತು. ದಿನಾ ಫೋನ್.

“ಬೆಂದಿತಾ?”

“ಇನ್ನೂ ಗಟ್ಟಿ ಇದೆ ಅತ್ತೆ.”

“ನನ್ನ ತಲೆ ಅಲ್ವಾ! ನಿಮ್ಮ ಮಾವ ಜೀವಮಾನವೆಲ್ಲಾ ನೆನೆಹಾಕಿದ್ರೂ ಮೆತ್ತಗಾಗ್ಲಿಲ್ಲ.”

ಗಂಡನದು ಇನ್ನೊಂದು ಕಾಟ: “ಜೋರು ಆಮ್ಲ ಹಾಕಿದ್ರೆ ಬೇಗ ಆಗುತ್ತೆ ಅಲ್ವಾ?”

ಆಗುತ್ತದೆ, ಆದರೆ ಜೀವಕೋಶಗಳು ಕೆಟ್ಟು, ಪರೀಕ್ಷೆಗೆ ಹಾಕುವ ಬಣ್ಣ ಹಿಡಿಯದೆ ಹೋಗಬಹುದು. ಅದು ಗೊತ್ತಿದ್ದೂ ಒಂದು ಮಧ್ಯಾಹ್ನ ಅವಳು ಆ ಜೋರು ಆಮ್ಲದ ಬಾಟಲಿಯನ್ನು ಕೈಗೆತ್ತಿಕೊಂಡೇಬಿಟ್ಟಿದ್ದಳು. ಅಷ್ಟರಲ್ಲಿ ಅತ್ತೆಯ ಫೋನು.

“ಅವನ ಮಾತು ಕೇಳ್ಬೇಡ. ಹುಟ್ಟೋಕೂ ಅವಸರ ಮಾಡಿ ಏಳನೇ ತಿಂಗಳಿಗೇ ಬಂದವನು. ಉರಿ ಜೋರು ಮಾಡಿದ್ರೆ ತಳ ಹಿಡಿಯುತ್ತೆ. ನಿಧಾನಕ್ಕೆ ಮಾಡು ಮಗಾ, ನಾನೆಲ್ಲಿಗೂ ಹೋಗಲ್ಲ.”

ಅವಳು ಬಾಟಲಿಯನ್ನು ಕಪಾಟಿಗೆ ಸೇರಿಸಿ, ಬಾಗಿಲು ಹಾಕಿದಳು.

ಕೊನೆಗೂ ಸ್ಲೈಡ್ ಬಂತು. ಮೂಳೆಯ ಎಳೆಗಳ ನಡುವೆ ರಕ್ತ ತುಂಬಿದ ತೆಳುಗೋಡೆಯ ನಾಳಗಳು. ಒಳಗಡೆ ಒಂದೇ ಸಾಲಿನಲ್ಲಿ ತಣ್ಣಗೆ ಕೂತ ಜೀವಕೋಶಗಳು. ಅಡ್ಡದಾರಿ ಹಿಡಿದದ್ದು ಒಂದೂ ಇಲ್ಲ. ಸ್ಕ್ಯಾನಿನ ಚಕ್ರಕ್ಕೂ ಇದಕ್ಕೂ ತಾಳೆಯಾಯಿತು. ಆದರೂ ಪ್ರೀತಿಯ ಕಣ್ಣು, ಬೇಕಾದದ್ದನ್ನೇ ನೋಡಿದರೆ? ಸ್ಕ್ಯಾನಿನ ಚಿತ್ರವನ್ನೂ ಜೊತೆಗಿಟ್ಟು, ಯಾರದೆಂದು ಹೇಳದೆ ಪಕ್ಕದ ಮೇಜಿನ ಸಹೋದ್ಯೋಗಿಗೆ ಕೊಟ್ಟಳು.

ಆಕೆ ನಿಧಾನವಾಗಿ ನೋಡಿ ತಲೆ ಎತ್ತಿದರು. “ಮೂಳೆಯೊಳಗಿನ ಹೆಮಾಂಜಿಯೋಮ. ರಕ್ತನಾಳದ ಗಂಟು, ಪಾಪದ್ದು, ಕ್ಯಾನ್ಸರ್ ಅಲ್ಲ. ಅಯ್ಯೋ, ಅದಕ್ಕ್ಯಾಕೆ ಅಳ್ತೀರಿ?”

ಅವಳು ಮೂಗೊರೆಸಿಕೊಂಡು ಮನೆಗೆ ಫೋನ್ ಮಾಡಿದಳು.

“ಬೆಂದಿತಾ?”

“ಹದವಾಗಿ ಬೆಂದಿದೆ ಅತ್ತೆ. ಕೆಟ್ಟದ್ದು ಏನೂ ಇಲ್ಲ.”

ಆ ಕಡೆಯಿಂದ ತುಸು ಒದ್ದೆಯಾದ ದನಿ:

“ಹಾಗಾದ್ರೆ ಬೇಗ ಬಾ. ಪಟ್ಟಿ ಬಿಟ್ಟು ಉಳಿದಷ್ಟು ತಲೆಯಾದ್ರೂ ಬಾಚು.”