ಅಂಜಿನಮ್ಮನ ಓಟು

"ತಗೊಳ್ಳಿ ಸ್ವಾಮಿ, ನಂಗೆ ಬೇಡ" ಎಂದು ಅಂಜಿನಮ್ಮ ಮತಚೀಟಿಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು. ಅದರ ಮೇಲೆ ಮುದ್ರೆಯೇ ಬಿದ್ದಿರಲಿಲ್ಲ. ಅವಳ ಬೆರಳಿನ ಮಸಿ ಇನ್ನೂ ಹಸಿಯಾಗಿತ್ತು.

ಶಾಲೆಯ ಕೋಣೆಯಲ್ಲಿದ್ದವರೆಲ್ಲ ಅತ್ತ ತಿರುಗಿದರು. ಅರವತ್ತೆಂಟರ ಪಂಚಾಯಿತಿ ಚುನಾವಣೆ. ದೊಡ್ಡಬೆಳವಂಗಲದ ಪಕ್ಕದ ಆ ಊರಿನಿಂದ ನಿಂತವರು ಇಬ್ಬರೇ. ಲಾಂದ್ರದ ಗುರುತಿನ ಅಪ್ಪಯ್ಯಣ್ಣ ಅಂಜಿನಮ್ಮನ ಸ್ವಂತ ಮೈದುನ, ತೀರಿಹೋದ ಗಂಡನ ತಮ್ಮ. ಅವನ ಎದುರು ತಕ್ಕಡಿ ಗುರುತಿನ ವೆಂಕಟರಾಯಪ್ಪ. ಇಬ್ಬರ ಕಡೆಯವರೂ ಬೆಂಚಿನ ಮೇಲೆ ಕೂತು, ಒಳಬಂದ ಮುಖ ತಮ್ಮದೋ ಅಲ್ಲವೋ ಎಂದು ಅಳೆಯುತ್ತಿದ್ದರು.

"ಗೊತ್ತಾಗ್ಲಿಲ್ವೇನಮ್ಮ? ಆ ತಟ್ಟಿ ಹಿಂದಕ್ಕೆ ಹೋಗಿ, ಬೇಕಾದ ಗುರುತಿನ ಮೇಲೆ ಮುದ್ರೆ ಒತ್ಬೇಕು" ಎಂದರು ಅಧಿಕಾರಿ. ಬೇರೆ ಊರಿನಿಂದ ಬಂದ ಮೇಷ್ಟ್ರು ಅವರು.

"ಗೊತ್ತೈತೆ ಸ್ವಾಮಿ. ನಂಗೆ ಲಾಂದ್ರಾನೂ ಬೇಡ, ತಕ್ಕಡೀನೂ ಬೇಡ."

ಹೋದ ಸುಗ್ಗಿಯಲ್ಲಿ ಮಗಳು ಲಕ್ಕಮ್ಮ ಗಂಡನ ಏಟು ತಾಳಲಾರದೆ ಶಿವಗಂಗೆ ಕಡೆಯ ಊರಿನಿಂದ ತವರಿಗೆ ಓಡಿಬಂದಿದ್ದಳು. ಅವಳ ನ್ಯಾಯ ಹೇಳಲು ಅರಳಿಕಟ್ಟೆಯ ಮೇಲೆ ಕೂತವರು ಈ ಇಬ್ಬರೇ. ಬೇರೆ ಯಾವುದರಲ್ಲೂ ಒಂದಾಗದವರು ಅವತ್ತು ಮಾತ್ರ ಒಂದೇ ಬಾಯಲ್ಲಿ, "ಹೆಣ್ಣು ಗಂಡನ ಮನೇಲಿರ್ಬೇಕು, ಕಳಿಸ್ಕೊಡು" ಎಂದಿದ್ದರು. ಅಂಜಿನಮ್ಮ ಕಾಲು ಹಿಡಿದರೂ ಕೇಳಲಿಲ್ಲ. ಮುಂಗಾರಿನ ಹೊತ್ತಿಗೆ ಲಕ್ಕಮ್ಮ ಮತ್ತೆ ಬಂದಳು, ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡು. ಓಟು ಕೇಳಲು ಮನೆಗೆ ಬಂದಾಗ ಇಬ್ಬರೂ ಆ ಮಾತೇ ಎತ್ತಲಿಲ್ಲ.

ಮನೆಯಲ್ಲೇ ಉಳಿದರೆ ಮೈ ಹುಷಾರಿರಲಿಲ್ಲ ಎಂದುಕೊಳ್ಳುತ್ತಾರೆ. ಎರಡೂ ಗುರುತಿಗೆ ಒತ್ತಿದರೆ, ಓದು ಬಾರದವಳು, ತಿಳಿಯಲಿಲ್ಲ ಎನ್ನುತ್ತಾರೆ. ಎಲ್ಲರ ಕಣ್ಣೆದುರೇ ಬೇಡ ಎನ್ನಬೇಕು ಎಂದು ಅಂಜಿನಮ್ಮ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದಳು.

"ಅಂಜಿನಕ್ಕ, ಅಪ್ಪಯ್ಯಣ್ಣ ನಿಮ್ಮನೆಯೋನಲ್ವಾ? ಮನೆ ಮಾನ ಕಳೀತೀಯಾ?" ಎಂದ ಲಾಂದ್ರದ ಕಡೆಯ ಆದಿನಾರಾಯಣಪ್ಪ.

"ನನ್ನ ಮಗಳ್ನ ಹೊಡೆಯೋನ ಕೈಗೆ ಒಪ್ಪಿಸೋವಾಗ ಅವ್ನೂ ವೆಂಕಟರಾಯಪ್ಪನೂ ಒಂದೇ ಆಗಿದ್ರು ಕಣಪ್ಪಾ. ಈಗ ಇಬ್ರಲ್ಲಿ ಒಬ್ರನ್ನ ಆರಿಸು ಅಂದ್ರೆ ಹೆಂಗ್ ಆರಿಸ್ಲಿ?"

ನಗಲು ಹೊರಟ ತಕ್ಕಡಿ ಕಡೆಯವನೊಬ್ಬ ತನ್ನವನ ಹೆಸರೂ ಬಂದದ್ದಕ್ಕೆ ತಲೆ ತಗ್ಗಿಸಿದ. ಮೇಷ್ಟ್ರು ಅವಳ ಮುಖವನ್ನೊಮ್ಮೆ ನೋಡಿದರು. "ಬೇಡ ಅಂದ್ರೆ ಹಿಂದಕ್ಕೆ ಕೊಡೋಕೆ ಅವಕಾಶ ಇದೆ. ಸುಮ್ನಿರಿ" ಎಂದು ಬೆಂಚಿನವರನ್ನು ಗದರಿ, ಚೀಟಿಯ ಬೆನ್ನಿಗೆ 'ಹಿಂದಿರುಗಿಸಲಾಗಿದೆ, ರದ್ದು' ಎಂದು ಬರೆದರು. ಅಂಜಿನಮ್ಮ ಹೊರಬಂದಳು. ಸಾಲಿನಲ್ಲಿ ನಿಂತ ಹೆಂಗಸರು ಸರಿದು ದಾರಿ ಬಿಟ್ಟರು.

ಗೆದ್ದವನು ಅಪ್ಪಯ್ಯಣ್ಣ. ಹಾರ ಕೊರಳಲ್ಲಿರುವಾಗಲೇ ಅಣ್ಣನ ಮನೆಯ ಅಂಗಳಕ್ಕೆ ಬಂದು ನಿಂತ.

"ನಿನ್ನ ಓಟಿಲ್ದೇನೇ ಗೆದ್ದೆ ಅತ್ಗೆ."

"ಒಳ್ಳೇದಾಗ್ಲಪ್ಪ."

"ಊರೋರ ಮುಂದೆ ನನ್ನ ಮರ್ಯಾದೆ ತೆಗೆದ್ಬಿಟ್ಯಲ್ಲ!"

"ನಿಮ್ಮಣ್ಣ ಇದ್ದಿದ್ರೆ ಅವತ್ತು ಅರಳಿಕಟ್ಟೆ ಮೇಲೆ ಏನ್ ಹೇಳ್ತಿದ್ದ? ಬೇರೆ ಬೇಡ, ಅದೊಂದು ಹೇಳು" ಎಂದಳು ಅಂಜಿನಮ್ಮ.

ಅಪ್ಪಯ್ಯಣ್ಣ ಬಾಯಿ ತೆರೆದ. ಅಷ್ಟರಲ್ಲಿ ಲಕ್ಕಮ್ಮ ಬಾಗಿಲಿಗೆ ಬಂದಳು. ಅವಳು ಎಷ್ಟು ಬಡವಾಗಿದ್ದಾಳೆಂದು ಅವನು ನೋಡಿದ್ದು ಆಗಲೇ. ಕೊರಳಿನ ಹಾರ ತೆಗೆದು ಕೈಯಲ್ಲಿ ಹಿಡಿದು ಹಿಂದಿರುಗಿದ.

ಆಮೇಲೆ ಊರಲ್ಲಿ ಕೆಲವರು ಅಂಜಿನಮ್ಮನನ್ನು ಮಾತಾಡಿಸುವುದು ಬಿಟ್ಟರು. ಅವಳು ತಲೆ ಕೆಡಿಸಿಕೊಳ್ಳದೆ ಹೊಲಕ್ಕೆ ಹೋಗಿ ಬರುತ್ತಿದ್ದಳು. ರಾಗಿ ತೆನೆ ಬಿಡುವ ಹೊತ್ತಿಗೆ ಅಳಿಯ ತನ್ನ ಕಡೆಯ ಹಿರಿಯರೊಂದಿಗೆ ಹೆಂಡತಿಯನ್ನು ಕರೆದೊಯ್ಯಲು ಬಂದ. ನ್ಯಾಯ ಹೇಳಲು ಕರೆ ಹೋಯಿತು. ವೆಂಕಟರಾಯಪ್ಪ ಕೆಲಸವಿದೆಯೆಂದು ತಪ್ಪಿಸಿಕೊಂಡ. ಅಪ್ಪಯ್ಯಣ್ಣ ಬಂದ. ಆದರೆ ಕೂರಲಿಲ್ಲ.

"ಹುಡುಗೀನ ಕೇಳ್ರಿ. ಬರ್ತೀನಿ ಅಂದ್ರೆ ಕರ್ಕೊಂಡ್ಹೋಗಿ" ಎಂದ.

ಅಲ್ಲಿಯವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ. ಲಕ್ಕಮ್ಮ ಒಮ್ಮೆ ಅವ್ವನ ಕಡೆ ತಿರುಗಿದಳು.

"ನಾನು ಬರಲ್ಲ" ಎಂದಳು ಲಕ್ಕಮ್ಮ. ದನಿ ಸಣ್ಣದಿತ್ತು. ಆದರೂ ಎಲ್ಲರಿಗೂ ಕೇಳಿಸಿತು.

ಬಂದವರು ಸ್ವಲ್ಪ ಹೊತ್ತು ಕೂಗಾಡಿ, ಸಂಜೆಯ ಬಸ್ಸಿಗೆ ಹೊರಟುಹೋದರು. ಅವ್ವ ಮಗಳು ಒಲೆಯ ಮುಂದೆ ಉಣ್ಣಲು ಕೂತರು. ಬಂದಾಗಿನಿಂದ ಅರ್ಧ ಮುದ್ದೆಗೇ ಕೈ ತೊಳೆಯುತ್ತಿದ್ದ ಲಕ್ಕಮ್ಮ ತಟ್ಟೆ ಬರಿದಾದ ಮೇಲೂ ಏಳದೆ, ಸಾರಿನ ಬೆರಳು ನೆಕ್ಕುತ್ತ ಹೇಳಿದಳು:

"ಅವ್ವಾ, ಇನ್ನರ್ಧ ಮುದ್ದೆ ಇಕ್ಕು."