ಚಹಾಕ್ಕೆ ಮುಂಚಿನ ಮಾತು

ಹೊಸ ವರ್ಷದ ಬಿಳಿ ತಿಂಗಳ ಹಬ್ಬದ ಮೊದಲ ದಿನ ಕಣಿವೆಯವರೆಲ್ಲ ಮೊದಲು ಹಿರಿಯರ ಗುಡಾರಕ್ಕೆ ಬರಬೇಕು. ನಮ್ಮ ಕಣಿವೆಗೆ ಹಿರಿಯರು ಅಂದರೆ ನನ್ನ ಗಂಡ ಗೊಂಚಿಗ್. ಬೆಳಕು ಹರಿಯುವ ಮುಂಚೆಯೇ ಎದ್ದು, ಹೊಸ ನಿಲುವಂಗಿ ತೊಟ್ಟು, ನಶ್ಯದ ಕುಪ್ಪಿಯನ್ನು ನಡುಕಟ್ಟಿಗೆ ಸಿಕ್ಕಿಸಿಕೊಂಡು ಕೂತವರು ಮಧ್ಯಾಹ್ನವಾದರೂ ಟೋಪಿ ತೆಗೆಯದೆ ಕೂತೇ ಇದ್ದರು. ಒಂದು ನರಪಿಳ್ಳೆ ಇತ್ತ ಸುಳಿಯಲಿಲ್ಲ. ನಾನು ಸೊಂಟ ಬೀಳುವಂತೆ ಕೂತು ಮಾಡಿ, ಹೊರಗಿನ ಚಳಿಯಲ್ಲಿ ಗಟ್ಟಿಯಾಗಲು ಇಟ್ಟಿದ್ದ ಮಾಂಸದ ಕಡುಬುಗಳು ಚೀಲದಲ್ಲೇ ಉಳಿದವು. ಬೇಯಿಸಿದರೆ ತಿನ್ನುವವರು ಯಾರು?

ಯಾಕೆ ಬರಲಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಹೊಳೆಯ ಮೇಲ್ಭಾಗದಲ್ಲಿ ಚಿನ್ನದ ಗಣಿ ಶುರುವಾದ ಮೇಲೆ ನೀರು ಕೆಂಪಗಾಗಿ, ಕುರಿಗಳಿಗೆ ಬಾಯಿಹುಣ್ಣು ಬಂದು ಸಾಯತೊಡಗಿದವು. ಕಣಿವೆಯವರು ಸೇರಿ ಜಿಲ್ಲಾ ಕಚೇರಿಗೆ ದೂರು ಕೊಟ್ಟರು. ರಾಜಧಾನಿಯ ಟಿವಿಯಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗಳು ಅರಿಯುನ್‌ಝುಲ್ ಕ್ಯಾಮೆರಾದವನನ್ನು ಕರೆದುಕೊಂಡು ಬಂದು ನನ್ನ ಗಂಡನನ್ನು ಮಾತಾಡಿಸಿದಳು. ಅವರು ಇಬ್ಬರನ್ನೂ ಹೊಳೆಯ ದಂಡೆಯುದ್ದಕ್ಕೂ ನಡೆಸಿಕೊಂಡು ಹೋಗಿ, ಸತ್ತ ಕುರಿಯ ಬಾಯಿ ಬಿಡಿಸಿ ತೋರಿಸಿದರು. ಗಂಟಲು ಕಟ್ಟುವವರೆಗೂ ಹೇಳಿದರು.

ಟಿವಿಯಲ್ಲಿ ಬಂದದ್ದು ಇಷ್ಟೇ. "ಗಣಿಯಿಂದ ನಿಮಗೇನಾದರೂ ತೊಂದರೆಯಾಗಿದೆಯೇ?" ಎಂದು ಅವಳ ಧ್ವನಿ ಕೇಳಿತು. ನಮ್ಮವರು ನಗುತ್ತಾ, "ಏನೂ ಇಲ್ಲಮ್ಮ, ಎಲ್ಲ ನೆಮ್ಮದಿ. ಹುಲ್ಲು, ನೀರು ಚೆನ್ನಾಗಿದೆ. ಕುರಿ ಮೈತುಂಬ್ಕೊಂಡಿವೆ" ಅಂದರು. ನಿಮ್ಮ ಹಿರಿಯರೇ ಚೆನ್ನಾಗಿದೆ ಅಂತಾರಲ್ಲ ಎಂದು ಕಚೇರಿಯವರು ದೂರನ್ನು ಮುಚ್ಚಿಹಾಕಿದರು. ಆಮೇಲೆ ನಾನು ಬಾವಿಗೆ ಹೋದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ಗಣಿಯವರು ಮುದುಕನಿಗೆ ಏನು ತಿನ್ನಿಸಿದರೋ ಎಂದು ಒಬ್ಬಳು ನನಗೆ ಕೇಳುವ ಹಾಗೇ ಅಂದಳು. ನಾನು ಅರ್ಧ ತುಂಬಿದ ಕೊಡವನ್ನೇ ಎತ್ತಿಕೊಂಡು ಬಂದೆ.

ಹಬ್ಬದ ಆ ಮಧ್ಯಾಹ್ನ ಬಂದವಳು ಅರಿಯುನ್‌ಝುಲ್ ಒಬ್ಬಳೇ. ಹಬ್ಬದಲ್ಲಿ ಹಿರಿಯರಿಗೆ ಮಾಡುವ ವಾಡಿಕೆಯಂತೆ ನಮ್ಮವರ ಮೊಣಕೈಗಳ ಕೆಳಗೆ ಕೈ ಆನಿಸಿ ನಮಸ್ಕರಿಸಿದಳು. ಅವಳು ಕೂರುವುದಕ್ಕೂ ಬಿಡದೆ ನಮ್ಮವರೇ ಬಾಯಿ ತೆಗೆದರು.

"ಝುಲ್, ನಿನ್ನ ಕೆಲ್ಸ ನಾನೇ ಕೆಡಿಸ್ಬಿಟ್ಟೆ ಕಣಮ್ಮ. ನೀನು ಗಣಿ ವಿಷ್ಯ ಕೇಳಿದ್ದೀಯ, ನಾನು ಅಭ್ಯಾಸಬಲ, ಬಂದೋರಿಗೆ ಹೇಳೋ ಹಾಗೆ ಹೇಳ್ಬಿಟ್ಟಿದ್ದೀನಿ. ಕಿವಿ ಮಂದ ಆಯ್ತು. ಬುದ್ಧೀನೂ ಅದರ ಹಿಂದೇನೇ ಹೊರಟಿದೆ."

ಬಂದವರು ಹೊಸ್ತಿಲು ದಾಟುತ್ತಲೇ ಕುರಿ, ಹುಲ್ಲು, ನೀರು ವಿಚಾರಿಸುತ್ತಾರೆ. ಮನೆಯಲ್ಲಿ ಹೆಣ ಬಿದ್ದಿದ್ದರೂ ನಾವು ಚೆನ್ನಾಗಿದೆ ಅನ್ನಬೇಕು. ಕಷ್ಟ ಹೇಳಿಕೊಳ್ಳುವುದು ಚಹಾ ಕುಡಿದ ಮೇಲೆ. ಆ ವಾಡಿಕೆಯ ಮಾತು ಹೊತ್ತಲ್ಲದ ಹೊತ್ತಿನಲ್ಲಿ ತನ್ನ ಬಾಯಿಂದ ಜಾರಿತು ಎಂದೇ ಇವರು ನಂಬಿದ್ದರು. ದೇಶವನ್ನು ಒಂದೇ ಪಕ್ಷ ಆಳುತ್ತಿದ್ದ ಕಾಲದಲ್ಲಿ ಇದೇ ಮನುಷ್ಯ ರೇಡಿಯೋ ಹೇಳಿದ್ದನ್ನು ತಲೆಕೆಳಗು ಮಾಡಿ ನಂಬುತ್ತಿದ್ದರು. ಕುರಿ ಹೆಚ್ಚಿವೆ ಅಂದರೆ ಸತ್ತಿವೆ ಎಂದು ಲೆಕ್ಕ. ಈಗ ಆ ಕಾಲವಿಲ್ಲ, ಟಿವಿಯಲ್ಲಿ ಮನೆಮಗಳೇ ಇದ್ದಾಳೆ. ಅವಳು ಸುಳ್ಳು ಹೇಳಿಯಾಳೆ?

"ಇನ್ನೊಂದ್ಸಲ ಕ್ಯಾಮೆರಾ ತಗೊಂಡು ಬಾ. ಈ ಸಲ ಸರಿಯಾಗಿ ಕೇಳಿಸ್ಕೊಂಡು ಹೇಳ್ತೀನಿ" ಅಂದರು.

ಹುಡುಗಿ ತಲೆ ಎತ್ತಲಿಲ್ಲ. "ದೊಡ್ಡಪ್ಪ, ನೀವು ತಪ್ಪು ಹೇಳಿಲ್ಲ. ಆ ದಿನ ನಾನು ಒಳಗೆ ಬರ್ತಾ ಕುಶಲ ಕೇಳಿದ್ನಲ್ಲ, ಆವಾಗ್ಲೇ ಕ್ಯಾಮೆರಾ ಓಡ್ತಿತ್ತು. ಆ ಉತ್ತರಕ್ಕೆ ಬೇರೆ ಪ್ರಶ್ನೆ ಅಂಟಿಸಿದ್ವಿ. ಆ ಪ್ರಶ್ನೆ ನಾನು ಆಮೇಲೆ ಸ್ಟುಡಿಯೋದಲ್ಲಿ ಕೂತು ಓದಿದ್ದು."

"ಯಾರೇ ಓದು ಅಂದಿದ್ದು?" ನಾನು ಕೇಳಿದೆ.

"ಚಾನೆಲ್ ಯಜಮಾನರು. ಗಣೀಲಿ ಅವರದ್ದೂ ಪಾಲಿದೆ. ಓದ್ದೇ ಇದ್ರೆ ಕೆಲ್ಸ ಇರ್ತಿರ್ಲಿಲ್ಲ."

"ಪತ್ರಿಕೆಗೆ ಸ್ವಾತಂತ್ರ್ಯ ಬೇಕು ಅಂತ ಪಕ್ಷದ ಕಾಲದಲ್ಲೇ ಆ ಚಳೀಲಿ ರಾಜಧಾನಿ ಚೌಕದಲ್ಲಿ ನಿಂತು ಕೂಗಿದ್ಲಲ್ಲೇ ನಿಮ್ಮಮ್ಮ."

"ಆಗ ಎಲ್ಲದಕ್ಕೂ ಒಬ್ಬನೇ ಯಜಮಾನ ದೊಡ್ಡಮ್ಮ. ಈಗ ಚಾನೆಲ್ಲಿಗೊಬ್ಬ."

ಬಯ್ಯಬೇಕು ಅಂದುಕೊಂಡೆ. ನನ್ನ ತವರಿನ ಕುಡಿ ನನ್ನ ಗಂಡನ ಮಾತನ್ನು ಮಾರಿಕೊಂಡು ಬಂದಿತ್ತು. ಇವರ ಎದುರಿಗೆ ಕೂರಲು ನಾಚಿಕೆಯಾಗಿ ಒಲೆಯ ಕಡೆ ತಿರುಗಿಕೊಂಡೆ. ಇವರು ಮಾತ್ರ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. ನಿಧಾನವಾಗಿ ಎದ್ದು ನಿಂತರು.

"ನಡಿ, ಚೊಯ್ಜಿಲನ ಮನೆಗೆ ಹೋಗೋಣ. ಎಲ್ಲ ಅಲ್ಲೇ ಸೇರಿರ್ತಾರೆ. ಈಗ ಹೇಳಿದ್ದನ್ನೇ ಅಲ್ಲಿ ಹೇಳು."

ಹಬ್ಬದ ಮೊದಲ ದಿನ ಹಿರಿಯರು ಕಿರಿಯರ ಬಾಗಿಲಿಗೆ ಹೋಗುವುದುಂಟೇ? ಆದರೂ ಹೋದೆವು. ಚೊಯ್ಜಿಲ್ ನಮ್ಮವರಿಗಿಂತ ಎರಡು ವರ್ಷಕ್ಕೆ ಚಿಕ್ಕವನು. ದೂರು ಕೊಡಲು ಎಲ್ಲರಿಗಿಂತ ಹೆಚ್ಚು ಓಡಾಡಿದವನು. ಅವನ ಗುಡಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮನ್ನು ನೋಡಿ ಅಗಿಯುತ್ತಿದ್ದ ಬಾಯಿಗಳು ನಿಂತವು. ಅರಿಯುನ್‌ಝುಲ್ ಬಾಗಿಲ ಬಳಿಯೇ ನಿಂತು ಕ್ಯಾಮೆರಾ, ಸ್ಟುಡಿಯೋ, ಯಜಮಾನ, ಪಾಲು, ತನ್ನ ಧ್ವನಿ, ಒಂದನ್ನೂ ಬಿಡದೆ ಹೇಳಿದಳು. ಹೇಳುತ್ತಾ ಅತ್ತಳು. ಅವಳ ಮೇಲೆ ನನಗೆ ಸಿಟ್ಟೂ ಇತ್ತು, ಇನ್ನು ಇವರ ಮರ್ಯಾದೆ ಉಳಿಯಿತು ಎಂಬ ಸಮಾಧಾನವೂ ಬಂತು.

ಚೊಯ್ಜಿಲ್ ಎದ್ದು ಬಂದು ಅವಳ ತಲೆ ಸವರಿದ.

"ಹೆಣ್ಣುಮಕ್ಳು ಅಂದ್ರೆ ಹೀಗಿರ್ಬೇಕು ನೋಡಿ. ದೊಡ್ಡಪ್ಪನ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಂಡ್ಳು."

"ಇಲ್ಲ ಮಾವ, ನಿಜಾನೇ ಹೇಳ್ತಿದ್ದೀನಿ."

"ಟಿವಿಯೋರು ನಿಜ ಹೇಳೋದು ಯಾವಾಗಿಂದ ಶುರುವಾಯ್ತಮ್ಮ?" ಹಿಂದಿನಿಂದ ಯಾರೋ ಅಂದರು. ಎಲ್ಲರೂ ನಕ್ಕರು. ಕೆಟ್ಟ ನಗುವಲ್ಲ, ಹಬ್ಬದ ನಗು.

ಅವಳು ಮತ್ತೆ ಹೇಳಿದಳು. ಗಟ್ಟಿಯಾಗಿ ಹೇಳಿದಷ್ಟೂ ಅವರ ಮುಖದಲ್ಲಿ ಕನಿಕರ ಹೆಚ್ಚಿತು. ನಾನೂ ಬಾಯಿ ಹಾಕಿದೆ. ಗಂಡನ ಪರ ಹೆಂಡತಿ ಇನ್ನೇನು ಹೇಳುತ್ತಾಳೆ ಎಂದು ನನ್ನ ಕೈಗೊಂದು ಕಡುಬಿನ ತಟ್ಟೆ ಕೊಟ್ಟರು.

"ಹೋಗ್ಲಿ ಬಿಡಿ ಗೊಂಚಿಗಣ್ಣ" ಅಂದ ಚೊಯ್ಜಿಲ್. "ವಯಸ್ಸಾದ್ಮೇಲೆ ಯಾರಾದ್ರೂ ಎಡವ್ತಾರೆ. ನಾವ್ಯಾರೂ ಮನಸ್ಸಲ್ಲಿಟ್ಕೊಂಡಿಲ್ಲ."

ಒಬ್ಬೊಬ್ಬರಾಗಿ ಬಂದು ಇವರ ಮೊಣಕೈ ಹಿಡಿದು ನಮಸ್ಕರಿಸಿದರು. ಎಲ್ಲರೂ ಕ್ಷಮಿಸಿದರು. ಇವರು ಒಮ್ಮೆ ಹುಡುಗಿಯ ಕಡೆ ನೋಡಿದರು, ಒಮ್ಮೆ ನನ್ನ ಕಡೆ. ಬೇಡ ಎಂದು ಎದ್ದು ಹೋದರೆ ಕಣಿವೆಯಲ್ಲಿ ಹೋಗಲು ಬೇರೆ ಮನೆ ಇರಲಿಲ್ಲ. ಚೊಯ್ಜಿಲ್ ಕೊಟ್ಟ ಚಹಾದ ಬಟ್ಟಲನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, "ತಪ್ಪಾಯ್ತಪ್ಪ" ಅಂದರು.